ಒಳಬಾಡಿಗೆ ಮಳಿಗೆ: ವಿದ್ಯುತ್ ಮಿತವ್ಯಯದ ಹೊಣೆ ಯಾರದು?

ಭದ್ರಾವತಿ ನ್ಯೂ ಟೌನ್‌ನಂತಹ ಪಟ್ಟಣ ಪ್ರದೇಶಗಳ ಸುತ್ತ ರಸ್ತೆ ಬದಿಯ ಜಾಗದಲ್ಲಿ ಮಳಿಗೆ, ಗೋದಾಮು ಕಟ್ಟಿಸಿ ಬಾಡಿಗೆಗೆ ಕೊಡುವ ರೈತರುಂಟು. ಬಾಡಿಗೆದಾರನು ಅದನ್ನೇ ಮತ್ತೊಬ್ಬರಿಗೆ ಒಳಬಾಡಿಗೆಗೆ ಕೊಡುವುದೂ ಉಂಟು. ಆಗ ಕಟ್ಟಡದ ವಿದ್ಯುತ್ ಮಿತವ್ಯಯಕ್ಕೆ ಹೊಣೆ ಯಾರು?

ಗೇಣಿ ಪದ್ಧತಿಯ ಕಾಲವನ್ನು ನೆನೆಯಿರಿ. ಒಂದೇ ವರ್ಷಕ್ಕೆ ಭೂಮಿ ಹಿಡಿದವನು ಕೆರೆಗೋಡು ಹೊಡೆಸುತ್ತಿರಲಿಲ್ಲ. ಒಡೆಯನೂ ಗೇಣಿ ಬಂದರೆ ಸಾಕೆಂದು ಸುಮ್ಮನಿರುತ್ತಿದ್ದನು. ಮಳಿಗೆಯಲ್ಲಿಯೂ ಹೀಗೆಯೇ. ಫ್ಯಾನು, ದೀಪ, ಛಾವಣಿ ಮಾಲೀಕನವು, ಬಿಲ್ಲು ಒಳಬಾಡಿಗೆದಾರನದು. ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು ಆದುದರಿಂದ ಸುಧಾರಣೆ ನಡೆಯುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

2001ರ ಇಂಧನ ಸಂರಕ್ಷಣಾ ಕಾಯ್ದೆಯು ಕಟ್ಟಡ ಸಂಹಿತೆಯ ಪಾಲನೆಗೆ 'ಮಾಲೀಕ ಅಥವಾ ಅನುಭೋಗದಾರ'ನನ್ನು ಹೊಣೆ ಮಾಡುತ್ತದೆ. ಸಂಹಿತೆಯು 100 ಕಿಲೋವಾಟ್ ಸಂಪರ್ಕ ಹೊರೆ ಅಥವಾ 120 ಕೆ.ವಿ.ಎ. ಒಪ್ಪಂದ ಬೇಡಿಕೆ ಮತ್ತು ಅದಕ್ಕಿಂತ ಹೆಚ್ಚಿನ ಹೊಸ ಕಟ್ಟಡಗಳಿಗೆ ಅನ್ವಯಿಸುತ್ತದೆ. 100 ಕಿಲೋವಾಟ್ ಎಂದರೆ 5 ಅಶ್ವಶಕ್ತಿಯ ಸುಮಾರು 27 ಪಂಪುಗಳ ಹೊರೆ. 2022ರ ತಿದ್ದುಪಡಿಯಂತೆ ರಾಜ್ಯ ಸರ್ಕಾರವು ಈ ಮಿತಿಯನ್ನು ಇಳಿಸಬಹುದು. ಇಂಧನ ದಕ್ಷತಾ ಬ್ಯೂರೋ ಕಚೇರಿ ಕಟ್ಟಡಗಳಿಗೆ ನೀಡುವ ನಕ್ಷತ್ರ ಶ್ರೇಣಿ ಐಚ್ಛಿಕವಾದುದು.

ಇಂಗ್ಲೆಂಡಿನಲ್ಲಿ ಕಟ್ಟಡವನ್ನು ಬಾಡಿಗೆಗೆ ಕೊಡುವವನೇ ಇಂಧನ ದಕ್ಷತಾ ಪ್ರಮಾಣಪತ್ರ ಒದಗಿಸಬೇಕು. ಅದು 10 ವರ್ಷ ಊರ್ಜಿತ. ಒಳಬಾಡಿಗೆಗೆ ಕೊಡುವಾಗ ಮೂಲ ಬಾಡಿಗೆದಾರನೇ ಕೊಡುವವನಾಗುವುದರಿಂದ ಆ ಹೊಣೆ ಅವನದಾಗುತ್ತದೆ.

ನಮ್ಮಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಗುತ್ತಿಗೆದಾರನಿಗೆ ಒಳಗುತ್ತಿಗೆ ಕೊಡಲು ಅವಕಾಶ ನೀಡುತ್ತದೆ. ಆದರೆ ಗುತ್ತಿಗೆಯ ಹೊಣೆಗಳಿಂದ ಅವನು ಬಿಡುಗಡೆ ಹೊಂದುವುದಿಲ್ಲ. ಆದ್ದರಿಂದ ಕರಾರು ಪತ್ರವೇ ಮುಖ್ಯ.

ಲಾಭದ ಲೆಕ್ಕ

75 ವಾಟಿನ 10 ಫ್ಯಾನುಗಳು ದಿನಕ್ಕೆ 10 ಗಂಟೆ ತಿರುಗಿದರೆ 7.5 ಯೂನಿಟ್ ಖರ್ಚು. 30 ವಾಟಿನವನ್ನು ಹಾಕಿದರೆ 3 ಯೂನಿಟ್ ಸಾಕು. ತಿಂಗಳಿಗೆ 135 ಯೂನಿಟ್ ಉಳಿತಾಯ.

ಕರಾರಿನಲ್ಲಿ ಬರೆಸಬೇಕಾದ ಅಂಶಗಳು

1. ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆ ಕೂಡದು.

2. ಛಾವಣಿ, ಗಾಳಿಕಿಂಡಿ, ವೈರಿಂಗ್ ಮಾಲೀಕನ ಹೊಣೆ. ಬಾಡಿಗೆದಾರ ತರುವ ಯಂತ್ರ, ಶೀತಕಗಳು ಅವನ ಹೊಣೆ.

3. ಮಾಲೀಕನು ಸುಧಾರಣೆಗೆ ಹಣ ಹಾಕಿದರೆ, ಉಳಿತಾಯದ ಒಂದು ಪಾಲು ಬಾಡಿಗೆಯೊಡನೆ ಸಲ್ಲಬೇಕು.

4. ಪ್ರತಿ ಒಳಬಾಡಿಗೆದಾರನಿಗೂ ಉಪಮೀಟರ್ ಇರಬೇಕು.

5. ಹೆಚ್ಚುವರಿ ಹೊರೆ ಜೋಡಿಸುವ ಮುನ್ನ ಮಾಲೀಕನಿಗೂ ಮೆಸ್ಕಾಂಗೂ ತಿಳಿಸಬೇಕು.

ಮೀಟರು ನಿಮ್ಮ ಹೆಸರಿನಲ್ಲಿದ್ದರೆ ಬಾಕಿಯ ನೋಟೀಸು ನಿಮಗೇ ಬರುವುದೆಂಬುದನ್ನು ಮರೆಯಬೇಡಿ. ಸಹಿ ಹಾಕುವ ಮುನ್ನ ಕರಾರನ್ನು ವಕೀಲರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.