ಹನ್ನೆರಡು ಗಂಟೆ ಎಂದರೆ ಯಾವ ಹನ್ನೆರಡು?

ಕಳೆದ ವರ್ಷ ಪರೀಕ್ಷೆಗೆ ಮುಂಚಿನ ಪ್ರಯೋಗಾಭ್ಯಾಸಕ್ಕಾಗಿ ವಿದ್ಯಾರ್ಥಿಗಳು ತಮ್ಮ ವೇಳೆಯನ್ನು ತಾವೇ ಆರಿಸಿಕೊಳ್ಳಲೆಂದು ನಾನೊಂದು ಜಾಲಪುಟವನ್ನು ರಚಿಸಿದೆನು. ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿಯು ನಡುಹಗಲಿನ ವೇಳೆಯನ್ನು ಬಯಸಿ '೧೨ ಎ.ಎಂ.' ಎಂಬುದನ್ನು ಆರಿಸಿದಳು. ಯಂತ್ರವು ಅದನ್ನು ನಡುರಾತ್ರಿಯೆಂದು ತಿಳಿಯಿತು. ಪ್ರಯೋಗಶಾಲೆ ಮುಚ್ಚಿರುವ ಆ ಹೊತ್ತಿನಲ್ಲಿ ಆಕೆಯ ಹೆಸರು ಯಾವ ತಂಡಕ್ಕೂ ಸೇರದೆ ಉಳಿಯಿತು. ಆಕೆ ಬಾಗಿಲಿಗೆ ಬಂದು ನಿಂತಾಗ ಒಂದು ಮೇಜೂ ಖಾಲಿಯಿರಲಿಲ್ಲ. ತಪ್ಪು ಯಾರದು? ವಿಚಾರಮಾಡಿ ನೋಡಿದರೆ, ನನ್ನದೇ.

ಎ.ಎಂ., ಪಿ.ಎಂ. ಎಂಬುವು ಲ್ಯಾಟಿನ್ ಮಾತುಗಳ ಸಂಕ್ಷೇಪಗಳು. ಸೂರ್ಯನು ಮಧ್ಯಾಹ್ನರೇಖೆಯನ್ನು ದಾಟುವುದಕ್ಕೆ ಮೊದಲು, ದಾಟಿದ ಅನಂತರ ಎಂದು ಅವುಗಳ ಅರ್ಥ. ನಡುಹಗಲಿನ ಕ್ಷಣವಾದರೋ ಮೊದಲೂ ಅಲ್ಲ, ಅನಂತರವೂ ಅಲ್ಲ. ಆದುದರಿಂದ ಹನ್ನೆರಡಕ್ಕೆ ಈ ಹೆಸರುಗಳು ರೂಢಿಯಿಂದ ಬಂದವೇ ಹೊರತು ತರ್ಕದಿಂದ ಬಂದವಲ್ಲ.

ಸೂರ್ಯನನ್ನೇ ಕೇಳೋಣವೆಂದರೆ, ನಮ್ಮ ಊರಿನಲ್ಲಿ ಅವನ ಸಾಕ್ಷಿಯೂ ಬೇರೆ. ಬ್ರಿಟಿಷ್ ಭಾರತದಲ್ಲಿ ೧೯೦೬ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನವು ೮೨.೫ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ರಾಯಚೂರು ಇರುವುದು ಸುಮಾರು ೭೭.೩ ಡಿಗ್ರಿಯಲ್ಲಿ. ಭೂಮಿಯು ಒಂದು ಡಿಗ್ರಿ ತಿರುಗಲು ೪ ನಿಮಿಷ ಬೇಕಷ್ಟೆ. ಆದ್ದರಿಂದ ಇಲ್ಲಿ ಸೂರ್ಯನ ನಡುಹಗಲು ಸರಾಸರಿಯಲ್ಲಿ ಗಡಿಯಾರದ ಹನ್ನೆರಡು ಕಳೆದು ಸುಮಾರು ೨೧ ನಿಮಿಷಕ್ಕೆ ಆಗುತ್ತದೆ. ಮಾನ್ವಿಯಲ್ಲಿ ಇನ್ನೂ ಒಂದು ನಿಮಿಷ, ದೇವದುರ್ಗದಲ್ಲಿ ಸುಮಾರು ಎರಡು ನಿಮಿಷ ತಡ!

ಯಂತ್ರಕ್ಕೆ ಈ ಗೊಂದಲವಿಲ್ಲ. ಎಚ್‌ಟಿಎಂಎಲ್ ಭಾಷೆಯ ವೇಳೆ ಆರಿಸುವ ಪೆಟ್ಟಿಗೆಯು ತನ್ನ ಬೆಲೆಯನ್ನು ಯಾವಾಗಲೂ ೨೪ ಗಂಟೆಗಳ ಕ್ರಮದಲ್ಲಿಯೇ ಇಡುತ್ತದೆ: ನಡುರಾತ್ರಿ ೦೦:೦೦, ನಡುಹಗಲು ೧೨:೦೦. ತೆರೆಯ ಮೇಲೆ ಅದನ್ನು ಹೇಗೆ ತೋರಿಸಬೇಕೆಂಬುದನ್ನು ಬ್ರೌಸರ್ ನಿರ್ಧರಿಸುತ್ತದೆ. ಸಂದೇಹವಿರುವುದು ಒಳಗಲ್ಲ, ಹೊರಮುಖದಲ್ಲಿ. ಅದನ್ನು ನಾವು ತಿದ್ದಬಹುದು.

ಮೊದಲನೆಯ ತಿದ್ದುಪಡಿ, ಮೇರೆ ಹಾಕುವುದು. 'ಮಿನ್', 'ಮ್ಯಾಕ್ಸ್' ಎಂಬ ಗುಣಗಳಿಗೆ ೧೦:೦೦, ೧೬:೦೦ ಎಂದು ಕೊಟ್ಟರೆ ನಡುರಾತ್ರಿಯು ಸ್ವೀಕಾರವಾಗದು. 'ಸ್ಟೆಪ್' ಎಂಬುದು ಸೆಕೆಂಡುಗಳ ಲೆಕ್ಕ. ಏನೂ ಹೇಳದಿದ್ದರೆ ಅದು ೬೦. ಅರ್ಧ ಗಂಟೆಯ ಅಂತರ ಬೇಕಾದರೆ ೧೮೦೦ ಎಂದು ಬರೆಯಬೇಕು. ನಾನು ಇವೊಂದನ್ನೂ ಬರೆದಿರಲಿಲ್ಲ.

ಆದರೆ ತಪ್ಪನ್ನು ತಡೆದರೆ ಸಾಲದು, ಸರಿಯಾದುದು ಕಣ್ಣಿಗೆ ಕಾಣಬೇಕು. ಈ ವರ್ಷ ಪೆಟ್ಟಿಗೆಯನ್ನು ತೆಗೆದು, ನಮ್ಮ ಜನ ಆಡುವಂತೆಯೇ 'ಬೆಳಿಗ್ಗೆ ೧೧', 'ಮಧ್ಯಾಹ್ನ ೧೨', 'ಮಧ್ಯಾಹ್ನ ೨' ಎಂಬ ಗುಂಡಿಗಳನ್ನು ಇರಿಸಿದೆನು. ಪ್ರತಿಯೊಂದರ ಹಿಂದೆಯೂ ೨೪ ಗಂಟೆಗಳ ಬೆಲೆಯೇ ಅಡಗಿದೆ.

ಮಾನ್ವಿಯ ಒಬ್ಬ ಹುಡುಗ 'ಮಧ್ಯಾಹ್ನ ೧೨' ಎಂಬುದನ್ನು ಒತ್ತಿ, ಹೇಳಿದ ಹೊತ್ತಿಗೆ ಬಂದನು. ಅವನ ಮೇಜು ಅವನಿಗಾಗಿ ಕಾದಿತ್ತು. ಆ ವಿದ್ಯಾರ್ಥಿನಿಗೆ ನಾನು ಕಳೆದ ವರ್ಷವೇ ಮಾಡಬೇಕಾಗಿದ್ದ ಕೆಲಸ ಇಷ್ಟೇ.