ಉಳುಕಿಗೆ ಮಂಜುಗಡ್ಡೆ ಯಾವಾಗ, ಶಾಖ ಯಾವಾಗ?

ಪಾದ ಹೊರಳಿ ಕೀಲು ಉಳುಕಿದರೆ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಮೊದಲು ನೆನಪಾಗುವುದು ಶಾಖ: ಹರಳೆಣ್ಣೆ ಸವರಿ, ಎಕ್ಕದ ಎಲೆಯನ್ನು ಬಾಡಿಸಿ ಕಟ್ಟುವುದು, ಹುರಿದ ಉಪ್ಪನ್ನೋ ಮರಳನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವುದು. ಶಾಖದಿಂದ ಬೆವರಿಳಿಸುವ ಸ್ವೇದನ ಚಿಕಿತ್ಸೆಯಲ್ಲಿ 13 ಬಗೆಗಳನ್ನು ಚರಕ ಸಂಹಿತೆಯೇ ಹೇಳಿರುವುದರಿಂದ ಈ ನಂಬಿಕೆಯ ಬೇರು ಆಳವಾದುದು. ಅದು ಪೂರ್ತಿ ತಪ್ಪೂ ಅಲ್ಲ. ಆದರೆ ಪೆಟ್ಟು ಬಿದ್ದ ಮೊದಲ ಎರಡು ದಿನಗಳು ಶಾಖದ ಕಾಲವಲ್ಲ.

ಉಳುಕು ಎಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರಿನ ಪಟ್ಟಿ, ಅಂದರೆ ಅಸ್ಥಿರಜ್ಜು, ಮಿತಿಮೀರಿ ಹಿಗ್ಗಿ ಸ್ವಲ್ಪವಾದರೂ ಹರಿಯುವುದು. ಅದರೊಂದಿಗೆ ಸಣ್ಣ ರಕ್ತನಾಳಗಳೂ ಒಡೆದು, ರಕ್ತ ಮತ್ತು ದ್ರವ ಸುತ್ತಲಿನ ಅಂಗಾಂಶಕ್ಕೆ ಸೋರಿ, ಕೀಲು ಊದಿಕೊಂಡು ಬಿಸಿಯಾಗುತ್ತದೆ. ಈ ಸ್ಥಿತಿಗೆ ಉರಿಯೂತ ಎಂದು ಹೆಸರು. ಕೆಂಪು, ಬಾವು, ಬಿಸಿ, ನೋವು ಎಂಬ ಇದರ ನಾಲ್ಕು ಲಕ್ಷಣಗಳನ್ನು ರೋಮಿನ ಲೇಖಕ ಸೆಲ್ಸಸ್ ಕ್ರಿ.ಶ. ಮೊದಲ ಶತಮಾನದಲ್ಲೇ ಗುರುತಿಸಿದ್ದನು. ಜನ ಇದನ್ನು ಕಾಯಿಲೆಯೆಂದು ಭಾವಿಸಿದರೂ ವಾಸ್ತವದಲ್ಲಿ ಇದು ದುರಸ್ತಿಯ ಆರಂಭ. ರಕ್ತದ ಬಿಳಿಕಣಗಳು ಗಾಯದ ಜಾಗಕ್ಕೆ ಬಂದು ಸತ್ತ ಜೀವಕೋಶಗಳನ್ನು ತೆರವುಗೊಳಿಸಿ, ಹೊಸ ಅಂಗಾಂಶ ಬೆಳೆಯಲು ಬೇಕಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುವುದು ಈ ಅವಧಿಯಲ್ಲಿಯೇ.

ಆ ಹೊತ್ತಿನಲ್ಲಿ ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಸೋರಿಕೆಯೂ ಬಾವೂ ಹೆಚ್ಚುತ್ತವೆ; ಉಳುಕು ತೆಗೆಯುವುದಾಗಿ ಬಲವಾಗಿ ನೀವಿ ಎಳೆಯುವುದು ಇನ್ನೂ ಅಪಾಯಕರ. ಮಂಜುಗಡ್ಡೆಯಾದರೋ ನಾಳಗಳನ್ನು ಕುಗ್ಗಿಸಿ, ನರಗಳಲ್ಲಿ ಸಂಕೇತ ಸಾಗುವ ವೇಗವನ್ನು ತಗ್ಗಿಸಿ, ಜಾಗವನ್ನು ಮರಗಟ್ಟಿಸುತ್ತದೆ. ಬಿಸಿಯನ್ನು ಗ್ರಹಿಸುವ ನರಗ್ರಾಹಕವನ್ನು 1997ರಲ್ಲಿಯೂ ತಂಪನ್ನು ಗ್ರಹಿಸುವುದನ್ನು 2002ರಲ್ಲಿಯೂ ಗುರುತಿಸಿದ ಸಂಶೋಧನೆಗಳು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ತಂದುಕೊಟ್ಟವು. ತಂಪಿನ ಆ ಗ್ರಾಹಕವನ್ನು ಮೆಂಥಾಲ್ ಕೂಡ ಕೆರಳಿಸುತ್ತದೆ; ಆದ್ದರಿಂದಲೇ ನೋವಿನ ಮುಲಾಮು ತಂಪೆನಿಸುತ್ತದೆಯೇ ಹೊರತು ಒಳಗಿನ ಬಾವಿನ ಬಿಸಿ ಅದರಿಂದ ಇಳಿಯುವುದಿಲ್ಲ.

ಮಂಜುಗಡ್ಡೆಯ ಬಗ್ಗೆಯೂ ಅತಿಯಾದ ಭರವಸೆ ಸಲ್ಲದು. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರಿಸುವಿಕೆ ಎಂಬ ನಾಲ್ಕಂಶಗಳ 'ರೈಸ್' ಸೂತ್ರವನ್ನು 1978ರಲ್ಲಿ ಪ್ರಚುರಪಡಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಸುಮಾರು ಮೂರೂವರೆ ದಶಕಗಳ ಬಳಿಕ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದೆಂದು ಬರೆದು ತಮ್ಮ ನಿಲುವನ್ನು ತಿದ್ದಿಕೊಂಡರು. ತಾನು ಸೂಚಿಸಿದ ಕ್ರಮವನ್ನು ವೈದ್ಯನೊಬ್ಬ ಹೀಗೆ ಬಹಿರಂಗವಾಗಿ ಮರುಪರಿಶೀಲಿಸುವುದು ಗೌರವಾರ್ಹ ನಡೆ. ಮಂಜುಗಡ್ಡೆ ನೋವನ್ನು ತಣಿಸುತ್ತದೆ. ಹರಿದದ್ದನ್ನು ಬೇಗ ಕೂಡಿಸುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಆದ್ದರಿಂದ ಅದನ್ನು ನೋವಿದ್ದಾಗ, ನೋವಿಗಾಗಿ ಮಾತ್ರ ಬಳಸುವುದು ಯುಕ್ತ: ತೆಳುವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, 10ರಿಂದ 20 ನಿಮಿಷ ಇಟ್ಟು ತೆಗೆದು, ಚರ್ಮ ಮೊದಲಿನ ಬಿಸುಪಿಗೆ ಮರಳಿದ ಮೇಲಷ್ಟೇ ಮತ್ತೆ ಇಡಬೇಕು. ಮಂಜುಗಡ್ಡೆ ನೇರವಾಗಿ ಚರ್ಮಕ್ಕೆ ತಾಗಿದರೆ ಅದೂ ಸುಡುತ್ತದೆ.

ಬಾವು ಇಳಿದು, ಮುಟ್ಟಿದರೆ ಬಿಸಿಯೆನಿಸದೆ, ಬಿಗಿತ ಮಾತ್ರ ಉಳಿದಾಗ ಶಾಖದ ಸರದಿ ಬರುತ್ತದೆ. ಹಿಡಿದುಕೊಂಡ ಸೊಂಟಕ್ಕೂ ಕುತ್ತಿಗೆಗೂ ಬಿಸಿನೀರಿನ ಚೀಲ ಹಿತ ಕೊಡುವುದು, ಸ್ನಾಯುವಿನ ಸೆಳೆತ ಸಡಿಲಗೊಂಡು ರಕ್ತಸಂಚಾರ ಹೆಚ್ಚುವುದರಿಂದ. ಅಜ್ಜಿಯರ ಉಪ್ಪಿನ ಗಂಟಿಗೂ ಇದೇ ತಕ್ಕ ಸಮಯ.

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಈ ಎರಡೂ ಸಲ್ಲವು, ಏಕೆಂದರೆ ಚರ್ಮ ಸುಡುತ್ತಿರುವುದಾಗಲಿ ಹೆಪ್ಪುಗಟ್ಟುತ್ತಿರುವುದಾಗಲಿ ಅವರ ಅರಿವಿಗೇ ಬರುವುದಿಲ್ಲ, ಹಾಗೆ ಆದ ಗಾಯ ಸುಲಭವಾಗಿ ಮಾಯುವುದೂ ಇಲ್ಲ. ಇನ್ನು ಉಳುಕಿದ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಕೀಲಿನ ಎರಡು ಬದಿಯ ಮೂಳೆಯುಬ್ಬುಗಳ ಹಿಂಭಾಗವನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ, ಮೂಳೆ ಮುರಿದಿರುವ ಸಾಧ್ಯತೆಯಿರುವುದರಿಂದ ಮನೆಮದ್ದನ್ನು ಬದಿಗಿಟ್ಟು ಎಕ್ಸ್-ರೇ ತೆಗೆಸಬೇಕು.