ಬೆಲ್ಟ್ ಬಿಗಿ ಮಾಡುವ ಮೊದಲು ಮೋಟಾರಿನ ತಗಡು ಓದಿ

ಗಾಳಿಮಳೆಗೆ ಹಲಸಿನ ಮರವೊಂದು ಬಿದ್ದರೆ ಅದರ ಹಳದಿ ತಿರುಳನ್ನು ಒಲೆಗೆ ಹಾಕಲು ನಮಗೆ ಮನಸ್ಸು ಬಾರದು. ಕಾಸರಗೋಡು ಸೀಮೆಯ ನಮ್ಮ ಕುಟುಂಬಗಳಲ್ಲಿ ಕೊಲ್ಲಿ ದೇಶದಿಂದ ಮರಳಿದವರೋ, ನಿವೃತ್ತರಾದವರೋ ಮನೆಯ ಹಿಂದೆ ಸಣ್ಣದೊಂದು ಮರದ ಲೇತ್ ಇಟ್ಟುಕೊಂಡಿರುವುದುಂಟು. ಬಲಿಪೀಠಕ್ಕೆ ಮೇಣದಬತ್ತಿಯ ಕಂಬ, ಕ್ರಿಸ್ಮಸ್ ಗೋದಲಿಗೆ ನಾಲ್ಕು ಕಂಬ, ಮಗಳ ಮನೆಗೆ ಕೊಡಲು ಒಂದು ಬೋಗುಣಿ ಎಂದು ಕೆಲಸ ನಡೆಯುತ್ತಿರುತ್ತದೆ. ಸಂತ ಜೋಸೆಫರಿಗೆ ಮೋಟಾರು, ಬೆಲ್ಟ್‌ಗಳ ತಾಪತ್ರಯ ಇರಲಿಲ್ಲ. ನಮಗಿದೆ. 'ಸ್ಪೀಡು ಸರಿಯಿಲ್ಲ' ಎಂಬ ದೂರು ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ, ಬೆಲ್ಟನ್ನು ಇನ್ನಷ್ಟು ಬಿಗಿ ಮಾಡುವುದು. ಅದು ಕೊನೆಗೆ ಮಾಡಬೇಕಾದ ಕೆಲಸವೆಂದೇ ನಮ್ಮ ಅಭಿಪ್ರಾಯ.

ಮೊದಲು ಮೋಟಾರಿನ ಮೇಲಿನ ಸಣ್ಣ ತಗಡನ್ನು ಒರೆಸಿ ಓದಬೇಕು. ಅಲ್ಲಿ ಆರ್.ಪಿ.ಎಂ. ಎಂದು 1440 ಇರಬಹುದು, 2880 ಕೂಡ ಇರಬಹುದು. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಸಾಮಾನ್ಯವಾಗಿ ಲೇತಿನಲ್ಲಿ ಮೂರು ಹಂತದ ಎರಡು ಪುಲ್ಲಿಗಳು ಒಂದಕ್ಕೊಂದು ತಲೆಕೆಳಗಾಗಿ ಕೂತಿರುತ್ತವೆ. ಮೋಟಾರಿನ 2 ಇಂಚಿನ ಹಂತದಿಂದ ಸ್ಪಿಂಡಲಿನ 4 ಇಂಚಿನ ಹಂತಕ್ಕೆ ಬೆಲ್ಟ್ ಹಾಕಿದರೆ ವೇಗ ಅರ್ಧವಾಗಿ 720. ನಡುವಿನ ಸಮ ಹಂತದಲ್ಲಿ 1440. ತಿರುಗಿಸಿ ಹಾಕಿದರೆ 2880. ಬೆಲ್ಟ್ ಪುಲ್ಲಿಯ ಅಂಚಿನಲ್ಲಲ್ಲ, ಸ್ವಲ್ಪ ಒಳಗೆ ಕೂರುವುದರಿಂದ ನಿಜವಾದ ವೇಗ ಕೆಳಗಿನ ಹಂತದಲ್ಲಿ ತುಸು ಕಡಿಮೆ, ಮೇಲಿನ ಹಂತದಲ್ಲಿ ತುಸು ಹೆಚ್ಚು ಬರುತ್ತದೆ.

ಅಪಾಯ ಬರುವುದು ತೋಟದ ಹಳೆಯ ಪಂಪಿನ ಮೋಟಾರನ್ನು ಲೇತಿಗೆ ಜೋಡಿಸಿದಾಗ. ಪಂಪಿನ ಮೋಟಾರು ಹೆಚ್ಚಾಗಿ 2880ರದ್ದು. ಆಗ ಎಲ್ಲವೂ ಇಮ್ಮಡಿ. ನಿಧಾನ ಎಂದುಕೊಂಡ ಹಂತವೇ 1440! ಹತ್ತಿಂಚಿನ ಬೋಗುಣಿ ಆ ವೇಗದಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 69 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ವೇಗ ಎರಡು ಪಟ್ಟಾದರೆ ಮರವನ್ನು ಹೊರಕ್ಕೆಳೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಕಣ್ಣಿಗೆ ಕಾಣದ ಒಂದು ಸೀಳು ಸಾಕು, ತುಂಡು ಮುಖಕ್ಕೆ ಬಂದು ಬಡಿಯಲು. ಬೋಗುಣಿ ಕಡೆಯುವವರು ಅನುಸರಿಸುವ ಒಂದು ಲೆಕ್ಕವಿದೆ: ಮರದ ಅಗಲವನ್ನು ಇಂಚಿನಲ್ಲಿ ಅಳೆದು ವೇಗದಿಂದ ಗುಣಿಸಿದರೆ 6000ದಿಂದ 9000ದೊಳಗೆ ಇರಬೇಕು. ಹತ್ತಿಂಚಿಗೆ 600ರಿಂದ 900. ಓರೆಕೋರೆಯಾದ ಹಸಿ ತುಂಡಾದರೆ ಅದಕ್ಕಿಂತಲೂ ಕೆಳಗಿನಿಂದ ಶುರು ಮಾಡುವುದು ಕ್ಷೇಮ.

ಇಂಥ ಮೋಟಾರಿಗೆ ಫ್ಯಾನಿನ ರೆಗ್ಯುಲೇಟರ್ ಹಾಕಿ ವೇಗ ಇಳಿಸಲು ಹೋಗುವವರಿದ್ದಾರೆ. ದಯವಿಟ್ಟು ಬೇಡ. ಮೋಟಾರಿನ ಬಲ ಕುಗ್ಗಿ ಅದು ಕಾಯುತ್ತದೆ, ಅಷ್ಟೇ. ಸ್ಪಿಂಡಲಿಗೆ 8 ಇಂಚಿನ ಪುಲ್ಲಿ ಹಾಕಿದರೆ 2880 ಇಳಿದು 720 ಆಗುತ್ತದೆ. ಅದಕ್ಕೆ ಜಾಗವಿಲ್ಲದಿದ್ದರೆ 1440ರ ಮೋಟಾರು ಕೊಳ್ಳುವುದೇ ಒಳ್ಳೆಯದು.

ಅಮೆರಿಕದ ಲೆಕ್ಕದಲ್ಲಿ ತಯಾರಾದ ಯಂತ್ರದ ಮುಚ್ಚಳದಲ್ಲಿ ಅಂಟಿಸಿದ ವೇಗಪಟ್ಟಿಯನ್ನೂ ಹಾಗೆಯೇ ನಂಬಬಾರದು. ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿ 1725 ತಿರುಗುವ ಜಾತಿಯ ಮೋಟಾರು ಇಲ್ಲಿ 1440ರ ಆಸುಪಾಸು ತಿರುಗುತ್ತದೆ. ಪಟ್ಟಿಯಲ್ಲಿ 900 ಎಂದಿದ್ದರೆ ಇಲ್ಲಿ ಸಿಗುವುದು 750. ಅದು ದೋಷವಲ್ಲ, ರಿಪೇರಿಯೂ ಬೇಕಿಲ್ಲ.

ಲೆಕ್ಕವೆಲ್ಲ ಸರಿಯಿದ್ದೂ ಉಳಿ ತಾಗಿಸಿದ ಕೂಡಲೇ ವೇಗ ಬೀಳುವುದಾದರೆ ಒಂದು ಸೀಮೆಸುಣ್ಣ ತನ್ನಿ. ಪ್ಲಗ್ ಕಿತ್ತು, ಪುಲ್ಲಿಯಿಂದ ಸ್ಪಿಂಡಲಿನ ಮೇಲಕ್ಕೆ ಒಂದೇ ಗೆರೆ ಎಳೆಯಿರಿ. ಮೋಟಾರಿನ ಕಡೆಯೂ ಹಾಗೆಯೇ ಮಾಡಿ. ಸ್ವಲ್ಪ ಹೊತ್ತು ಕಡೆದು ಮತ್ತೆ ಪ್ಲಗ್ ಕಿತ್ತು ನೋಡಿ. ಗೆರೆ ತುಂಡಾಗಿದ್ದರೆ ಪುಲ್ಲಿಯನ್ನು ಹಿಡಿದಿಡುವ ಸಣ್ಣ ಸ್ಕ್ರೂ ಸಡಿಲವಾಗಿದೆ. ಬೆಲ್ಟಿನ ಮೇಲೆ ಸುಮ್ಮನೆ ಅಪವಾದ! ಗೆರೆ ನೆಟ್ಟಗಿದ್ದರೆ ಕಿವಿಗೊಡಿ. ಮೋಟಾರಿನ ಸದ್ದು ಬದಲಾಗದೆ ಸ್ಪಿಂಡಲ್ ಮಾತ್ರ ಸೋತರೆ, ರಬ್ಬರ್ ಸುಟ್ಟ ವಾಸನೆ, ಕಪ್ಪು ಪುಡಿ ಇದ್ದರೆ, ಜಾರುತ್ತಿರುವುದು ಬೆಲ್ಟ್. ಮೋಟಾರೂ ಜೊತೆಗೆ ಗೊರಗುಟ್ಟುತ್ತಾ ಸೋತರೆ ಉಳಿಯನ್ನು ಅತಿಯಾಗಿ ಒತ್ತುತ್ತಿದ್ದೀರಿ, ಇಲ್ಲವೇ ಕರೆಂಟಿನ ವೋಲ್ಟೇಜ್ ಇಳಿದಿದೆ. ವೋಲ್ಟೇಜ್ ಇಳಿದಷ್ಟೂ ಮೋಟಾರಿನ ಬಲ ಇನ್ನೂ ವೇಗವಾಗಿ ಕುಗ್ಗುತ್ತದೆ. ಸಂಜೆ ದೀಪ ಮಂಕಾಗುವ ಮನೆಗಳಲ್ಲಿ ಬೆಳಿಗ್ಗೆ ಕಡೆದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಬೆಲ್ಟೇ ಜಾರುತ್ತಿದ್ದರೂ ಬಿಗಿ ಮಾಡುವ ಮುನ್ನ ಅದನ್ನು ಬಿಚ್ಚಿ ನೋಡಿ. ವಿ-ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ಎರಡು ಪಕ್ಕೆಗಳಿಂದ. ಸವೆದು ತೆಳ್ಳಗಾಗಿ ತೋಡಿನ ತಳಕ್ಕೆ ತಾಗಿದರೆ ಎಷ್ಟು ಎಳೆದರೂ ಹಿಡಿತ ಬಾರದು, ಬೇರಿಂಗ್ ಮಾತ್ರ ಹಾಳಾಗುತ್ತದೆ. ಪಕ್ಕೆ ಗಾಜಿನಂತೆ ಹೊಳೆಯುತ್ತಿದ್ದರೆ ಹೊಸದು ಹಾಕುವ ಕಾಲ ಬಂದಿದೆ. ಎರಡು ಪುಲ್ಲಿಗಳೂ ಒಂದೇ ಸಾಲಿನಲ್ಲಿವೆಯೇ ಎಂದು ನೂಲು ಹಿಡಿದು ನೋಡಿ. ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ ತುಸು ಬಗ್ಗಬೇಕು, ತಂತಿಯಂತೆ ಸೆಟೆದಿರಬಾರದು. ಎಣ್ಣೆಯಂತೂ ಹನಿಯೂ ತಾಗಬಾರದು.

ಮತ್ತೆ ಚಾಲೂ ಮಾಡುವಾಗ ಮರವನ್ನು ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಯಾವುದಕ್ಕೂ ತಾಗದೆಂದು ನೋಡಿ, ಅದರ ನೇರಕ್ಕೆ ನಿಲ್ಲದೆ ಪಕ್ಕದಲ್ಲಿ ನಿಂತು ಸ್ವಿಚ್ ಹಾಕಿ. ಮುಖಕ್ಕೆ ಪೂರ್ತಿ ಕವಚವಿರಲಿ, ಬರೀ ಕನ್ನಡಕ ಸಾಲದು. ತೋಳು ಮಡಚಿ, ಕುತ್ತಿಗೆಯ ಜಪಸರವನ್ನು ತೆಗೆದಿಡಿ. ಬೆಲ್ಟ್ ಕೊಳ್ಳಲು ಹೋಗುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಅದರ ಬೆನ್ನ ಮೇಲೆ 'ಎ 36' ಎಂದಿದ್ದರೆ ಅಕ್ಷರ ಬೆಲ್ಟಿನ ದಪ್ಪ-ಅಗಲದ್ದು, ಸಂಖ್ಯೆ ಒಳಸುತ್ತಿನ ಉದ್ದದ್ದು, ಇಂಚಿನಲ್ಲಿ.